ಮೂರು ಬೀಗದ ಬಾಗಿಲು

ಕಥೆ ಕೇಳುವವರು ನಡುನಡುವೆ ಹ್ಞೂಂ ಅನ್ನಬೇಕು. ಇಲ್ಲದಿದ್ದರೆ ಹೇಳುವವರಿಗೆ ಗೋಡೆಗೆ ಹೇಳಿದ ಹಾಗಾಗುತ್ತದೆ. ಈ ಕಥೆಯಲ್ಲಿ ಗೋಡೆಯೂ ಒಂದು ಬರುತ್ತದೆ, ಕೊನೆಯ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ನೀವು ಹ್ಞೂಂ ಅನ್ನುತ್ತಿರಿ.

ಬಸ್ ಡಿಪೋದಲ್ಲಿ ಗ್ರಹದಕ್ಕ ಎಂಬವಳೊಬ್ಬಳಿದ್ದಳು. ಕಬ್ಬಿಣದ ಜಾಲರಿಯ ಹಿಂದೆ ಕೂತು ಬೆಳಗ್ಗೆ ಕಂಡಕ್ಟರುಗಳಿಗೆ ಟಿಕೆಟ್ ಮೆಷೀನು ಕೊಡುವುದು, ಸಂಜೆ ಅದನ್ನು ವಾಪಸು ಇಸಿದುಕೊಳ್ಳುವುದು ಅವಳ ಕೆಲಸ. ನಡುವಿನ ಹೊತ್ತೆಲ್ಲ ಖಾಲಿ. ಆ ಹೊತ್ತಿನಲ್ಲಿ ಉಳಿದವರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ತೆಗೆಯುತ್ತಿದ್ದರು, ಇವಳು ಬಾಹ್ಯಾಕಾಶಕ್ಕೆ ಹೋಗಿಬರುತ್ತಿದ್ದಳು. ವಾರಪತ್ರಿಕೆಗೆ ಗ್ರಹ, ನಕ್ಷತ್ರ, ಹಾರುವ ನೌಕೆ ಅಂತ ಕಥೆ ಬರೆದು ಬರೆದು ಆ ಹೆಸರು ಅಂಟಿಕೊಂಡಿತ್ತು. ಬೆಳಗ್ಗೆ ಅವಳು ಗೇಟು ದಾಟಿದರೆ ಸಾಕು, ಯಾರಾದರೊಬ್ಬ ಡ್ರೈವರು, "ಬಂದ್ಳಪ್ಪಾ ಗ್ರಹದಕ್ಕ, ಇವತ್ತು ಯಾರ ಗ್ರಹಚಾರವೋ!" ಅನ್ನುತ್ತಿದ್ದ. "ನಿಂದೇ ಕಣಪ್ಪಾ, ಮೊದಲು ಬಾಯಿ ಬಿಟ್ಟವನದೇ," ಅಂತ ಅವಳು ಒಳಗೆ ಹೋಗುತ್ತಿದ್ದಳು.

ಈ ಚಟ ಅವಳಿಗೆ ಅಂಟಿದ್ದು ಅಜ್ಜಿಯಿಂದ. ಚಿಕ್ಕವಳಿದ್ದಾಗ ಅಜ್ಜಿ ರಾಕ್ಷಸನ ಕಥೆ ಹೇಳುತ್ತಿದ್ದಳಂತೆ. ಏಳು ಸಮುದ್ರದಾಚೆ ಒಬ್ಬ ರಾಕ್ಷಸ, ಮೂಗಿನ ಎಡಕ್ಕೊಂದು ನರಹುಲಿ, ಸೊಂಟದಲ್ಲಿ ಕೀಲಿಕೈ ಗೊಂಚಲು, ನಡೆದರೆ ಝಣಝಣ. ಒಂದು ದಿನ ಮನೆ ಮಾಲೀಕ ಮೆಟ್ಟಿಲು ಹತ್ತಿ ಬಂದ. ಮೂಗಿನ ಎಡಕ್ಕೆ ನರಹುಲಿ, ಸೊಂಟದಲ್ಲಿ ಗೊಂಚಲು. ಮಗು ಬಾಯಿ ತೆರೆಯಿತು, ಅಜ್ಜಿ ಅಂಗೈಯಿಂದ ಮುಚ್ಚಿದಳು. ಅವನು ಹೋದಮೇಲೆ ಕಿವಿ ಹಿಡಿದು ಹೇಳಿದಳು:

"ಏಳು ಸಮುದ್ರದಾಚೆ ಇಟ್ಟಿರೋದು ಯಾಕೆ ಅಂದ್ಕೊಂಡೆ? ಈಚೆ ಬೀದೀಲಿ ಇಟ್ರೆ ನಾಳೆ ನಮ್ಮ ಪಾತ್ರೆಪಗಡೆ ಬೀದೀಲಿ ಇರುತ್ತೆ, ಮುಂಡೇದೆ."

ಮುಂದೆ ಓದುವ ವಯಸ್ಸಿನಲ್ಲಿ ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಬಾಹ್ಯಾಕಾಶದ ಕಥೆಗಳು ಸಿಕ್ಕಿದವು. ಓದುತ್ತಾ ಓದುತ್ತಾ ಅವಳಿಗೆ ಅಜ್ಜಿಯ ಕೈ ಗುರುತು ಕಂಡಿತು. ಅಲ್ಲಿಯ ಚಕ್ರವರ್ತಿಗಳು, ದಂಗೆಕೋರರು, ಗ್ರಹದಿಂದ ಗ್ರಹಕ್ಕೆ ತಕ್ಕಡಿ ಹೊತ್ತು ತಿರುಗುವ ವ್ಯಾಪಾರಿಗಳ ಒಕ್ಕೂಟ, ಇವರ್ಯಾರೂ ನಕ್ಷತ್ರದಿಂದ ಇಳಿದವರಲ್ಲ. ಬರೆದವನ ಊರಿನ ದಿನಪತ್ರಿಕೆಯ ಮೊದಲ ಪುಟದಿಂದ ಎದ್ದು, ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು ಬಂದವರು. ಒಬ್ಬನ ದೇಶದಲ್ಲಿ ದೊರೆ ಬಿದ್ದಿರುತ್ತಾನೆ, ಅವನ ಕಥೆಯಲ್ಲಿ ದೊರೆಯ ಗ್ರಹ ಸಿಡಿಯುತ್ತದೆ. ಇನ್ನೊಬ್ಬನ ದೇಶ ಪಕ್ಕದವರ ಗಣಿ ನುಂಗಿರುತ್ತದೆ, ಅವನ ಕಥೆಯಲ್ಲಿ ಎರಡು ಕಾಲಿನ ಹುಳುಗಳು ಚಂದ್ರನನ್ನು ತಿನ್ನುತ್ತವೆ. ಏಳು ಸಮುದ್ರದ ಜಾಗದಲ್ಲಿ ಏಳು ಸೂರ್ಯ, ಅಷ್ಟೇ. ನರಹುಲಿ ಮಾತ್ರ ಹಳೆಯದೇ.

ಇವಳಿಗೆ ಬರೆಯಲು ನರಹುಲಿಗಳ ಕೊರತೆ ಇರಲಿಲ್ಲ. ಡಿಪೋದಲ್ಲಿ ಮೂರು ಸಂಘಗಳಿದ್ದವು.

ಮೊದಲನೆಯದರ ಮುಖಂಡ ಗಂಟಲಣ್ಣ. ಹೆಸರಿಗೆ ಡ್ರೈವರು. ಸ್ಟೇರಿಂಗು ಹಿಡಿದು ಎಷ್ಟೋ ಕಾಲವಾಗಿತ್ತು, ಮೈಕು ಹಿಡಿದರೆ ಮಾತ್ರ ಬ್ರೇಕೇ ಇಲ್ಲ. ಕ್ಯಾಂಟೀನಿನಲ್ಲಿ ಚಹಾ ತಣ್ಣಗಿದೆ ಎಂದು ದೂರಲು ನಿಂತರೂ ಜಗತ್ತಿನ ಚರಿತ್ರೆಯಿಂದ ಶುರುಮಾಡಿ, ಚಹಾಕ್ಕೆ ಬರುವ ಹೊತ್ತಿಗೆ ಕ್ಯಾಂಟೀನು ಮುಚ್ಚಿರುತ್ತಿತ್ತು.

ಎರಡನೆಯವರು ಮೀಸೆ ದೊಡ್ಡಪ್ಪ. ಅವರ ಮಾತೆಲ್ಲ ಹಿಂದಿನ ಕಾಲದ್ದು. ಹಿಂದೆ ಬಸ್ಸು ಕೆಡುತ್ತಿರಲಿಲ್ಲ, ಹಿಂದೆ ಟೈರು ಸವೆಯುತ್ತಿರಲಿಲ್ಲ, ಹಿಂದೆ ರಸ್ತೆಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಡಿಪೋ ಕಟ್ಟುವ ಮೊದಲು ಅಲ್ಲಿ ಏನಿತ್ತು ಎಂದು ಕೇಳಿದರೆ, "ಇದಕ್ಕಿಂತ ದೊಡ್ಡ ಡಿಪೋ ಇತ್ತು" ಅನ್ನುವಷ್ಟು ದೂರ ಹೋಗಿದ್ದರು.

ಮೂರನೆಯವನು ಶಾಲು ಸಾಹೇಬ. ಎಲ್ಲೋ ಸನ್ಮಾನದಲ್ಲಿ ಹೊದಿಸಿದ ಶಾಲು ಮತ್ತೆ ಹೆಗಲಿಂದ ಇಳಿದಿರಲಿಲ್ಲ. ಒಬ್ಬ ಬೆಂಕಿ ಎಂದರೆ, ಇನ್ನೊಬ್ಬ ನೀರು ಎಂದರೆ, ಇವನು "ಹಬೆ ಮಾಡೋಣ, ಇಬ್ಬರಿಗೂ ನ್ಯಾಯ" ಅನ್ನುವ ಪೈಕಿ.

ಈ ಮೂವರು ಯಾವ ವಿಷಯಕ್ಕೂ ಕೂಡಿದವರಲ್ಲ, ಯಾವ ಜಗಳವನ್ನೂ ಮುಗಿಸಿದವರಲ್ಲ. ಮುಗಿಸಿದರೆ ಮಾರನೆಯ ದಿನ ಬಸ್ಸು ಓಡಿಸಬೇಕಾಗುತ್ತದಲ್ಲ!

ಡಿಪೋದ ಹಿಂಭಾಗದಲ್ಲಿ ಹೆಂಗಸರಿಗೆ ಅಂತ ಒಂದು ಕೋಣೆ ಕಟ್ಟಿದ್ದರು. ಎರಡು ಮಂಚ, ಒಂದು ಕನ್ನಡಿ, ಕೈತೊಳೆಯುವ ತೊಟ್ಟಿ, ಒಳಗೇ ಶೌಚಾಲಯ. ಬಣ್ಣ ಆರುವ ಮೊದಲೇ ಗಂಟಲಣ್ಣ ಓಡಿಬಂದು ಕೆಂಪು ಬಣ್ಣದ ಬೀಗ ಜಡಿದ. "ನಮ್ಮ ಹೋರಾಟದ ಫಲ ಇದು, ಉದ್ಘಾಟನೆ ನಾವೇ ಮಾಡ್ತೀವಿ." ಮೀಸೆ ದೊಡ್ಡಪ್ಪ ಕೇಳಿ ಕೆರಳಿದರು. ಕೋಣೆಯ ಕನಸು ಕಂಡವರು ತಮ್ಮ ಹಿರಿಯರಂತೆ. ಹಿತ್ತಾಳೆಯ ಹಳೇ ಬೀಗ ತಂದು ಮೇಲೆ ಹಾಕಿದರು. ಎರಡು ಬೀಗ ಒಂದಕ್ಕೊಂದು ಗುದ್ದಾಡಬಾರದು ಎಂದು ಶಾಲು ಸಾಹೇಬ ನಡುವೆ ಮೂರನೆಯದು ಹಾಕಿದ. ಸಮತೋಲನಕ್ಕಂತೆ. ಮ್ಯಾನೇಜರನ್ನು ಕೇಳಿದರೆ, "ಅದು ಸಂಘಗಳ ಒಳಗಿನ ವಿಷಯ, ನಾನು ಕೈ ಹಾಕಲ್ಲ," ಎಂದು ಕೈ ಜೇಬಿಗೆ ಹಾಕಿಕೊಂಡ.

ಹೀಗೆ ಕೋಣೆ ಕಟ್ಟಿಯೂ ಕಟ್ಟಿರಲಿಲ್ಲ. ಹೆಂಗಸರು ಸರದಿಯ ಮೇಲೆ ಬೆಂಚು ಹತ್ತಿ ಗವಾಕ್ಷಿಯಲ್ಲಿ ಇಣುಕುತ್ತಿದ್ದರು. ಕನ್ನಡಿ ಕಾಣುತ್ತಿತ್ತು, ಅದರಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಆಮೇಲೆ ಇಳಿದು ಹಳೇ ಟೈರಿನ ರಾಶಿಯ ಹಿಂದೆ ಹೋಗುತ್ತಿದ್ದರು, ಒಬ್ಬಳು ಕಾವಲಿಗೆ ನಿಲ್ಲಬೇಕು. ಅದಕ್ಕಿಂತ ಸುಲಭದ ದಾರಿ ಎಂದರೆ ನೀರೇ ಕುಡಿಯದಿರುವುದು. ಬೆಳಗ್ಗೆ ಹೊರಟ ಕಂಡಕ್ಟರಮ್ಮ ಸಂಜೆ ಮನೆ ಸೇರುವವರೆಗೂ ಬಾಯಿ ಒಣಗಿಸಿಕೊಂಡೇ "ರೈಟ್, ರೈಟ್" ಅನ್ನುತ್ತಿದ್ದಳು.

ಅವರಲ್ಲೊಬ್ಬಳು ಸೀಟಿ. ಗ್ರಹದಕ್ಕನ ನಾದಿನಿ, ಅವಳ ಮನೆಯಲ್ಲೇ ಇದ್ದವಳು. ಎರಡು ಬೆರಳು ಬಾಯಿಗಿಟ್ಟು ಊದಿದರೆ ತನ್ನ ಬಸ್ಸು ಮಾತ್ರವಲ್ಲ, ಪಕ್ಕದ ಬೀದಿಯ ಬಸ್ಸೂ ನಿಲ್ಲುತ್ತಿತ್ತು, ಹಾಗಾಗಿ ಆ ಹೆಸರು. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಅಂತಾರೆ. ಇವರಿಬ್ಬರೂ ಬೆಳಗ್ಗೆ ಬಚ್ಚಲಿಗೆ ಜಗಳ, ಸಂಜೆ ಕುರ್ಚಿಗೆ ಜಗಳ, ಯಾರಾದರೂ ಮೂರನೆಯವರು ಬಂದರೆ ಮಾತ್ರ ಒಂದೇ ಪಕ್ಷ.

ಒಂದು ಮಧ್ಯಾಹ್ನ ಸೀಟಿ ಓಡುವ ಬಸ್ಸಿನಲ್ಲೇ ಸೊಂಟ ಹಿಡಿದುಕೊಂಡು ಕುಸಿದಳು. ಆ ಬಸ್ಸು ಅವತ್ತು ಯಾವ ಸೀಟಿಯೂ ಇಲ್ಲದೆ ನೇರ ಆಸ್ಪತ್ರೆಗೆ ಹೋಯಿತು. ಡಾಕ್ಟರು ಪರೀಕ್ಷೆಯ ಕಾಗದ ನೋಡಿ ಗದರಿದರು.

"ನೀರು ಕುಡಿಯೋದಿಲ್ವೇನಮ್ಮ ನೀನು? ಹೀಗೇ ಮುಂದುವರಿದ್ರೆ ಕಿಡ್ನಿ ಉಳಿಯಲ್ಲ."

"ಕುಡಿದು ಎಲ್ಲಿಗೆ ಹೋಗ್ಲಿ ಡಾಕ್ಟ್ರೇ? ಜಾಗ ನೀವು ತೋರಿಸ್ತೀರಾ?"

ಡಾಕ್ಟರಿಗೆ ಜಾಗ ಗೊತ್ತಿರಲಿಲ್ಲ. ಔಷಧಿ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ "ನೀರು" ಎಂದು ಬರೆದು ಅಡಿಗೆರೆ ಎಳೆದರು.

ಮೂವರು ಮುಖಂಡರೂ ಆಸ್ಪತ್ರೆಗೆ ಬಂದರು, ಒಬ್ಬೊಬ್ಬರೇ, ಹಣ್ಣು ಹಿಡಿದು. "ಆ ಮೀಸೆ ಮುದುಕನ ಹಟ ನೋಡಮ್ಮಾ," ಅಂದ ಗಂಟಲಣ್ಣ. "ಆ ಗಂಟಲನಿಗೆ ಹೆಣ್ಣುಮಕ್ಕಳ ಕಷ್ಟ ಏನು ಗೊತ್ತು ಮಗಳೇ," ಅಂದರು ದೊಡ್ಡಪ್ಪ. "ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪು, ಇಬ್ಬರದೂ ಸ್ವಲ್ಪ ಸ್ವಲ್ಪ ಸರಿ," ಅಂದ ಶಾಲು ಸಾಹೇಬ. ಸೀಟಿ ಹಣ್ಣನ್ನು ಪಕ್ಕದ ಹಾಸಿಗೆಯವಳಿಗೆ ದಾಟಿಸಿ, "ಕೀಲಿಕೈ ತಂದಿದ್ರೆ ಇಟ್ಟು ಹೋಗಿ," ಅಂದಳು. ಯಾರೂ ತಂದಿರಲಿಲ್ಲ.

ಅವತ್ತೇ ಗ್ರಹದಕ್ಕ ಹೊಸ ಧಾರಾವಾಹಿ ಶುರುಮಾಡಿದಳು.

ದೂರದ ನಕ್ಷತ್ರಕ್ಕೆ ಹೊರಟ ಒಂದು ನೌಕೆ. ಅದರೊಳಗೆ ಗಾಳಿ ತಯಾರಿಸುವ ಕೋಣೆ, ಹೆಸರು ಉಸಿರು ಕೋಣೆ. ಬಾಗಿಲಿಗೆ ಮೂರು ಬೀಗ, ನೌಕೆಯ ಮೂರು ಬಣಗಳದ್ದು. ಕೆಂಡ ಬಣದ ನಾಯಕ ಗಾಳಿ ಕಮ್ಮಿಯಾಗುತ್ತಿದೆ ಎಂದು ಭಾಷಣ ಮಾಡುತ್ತಾನೆ, ಒಂದೊಂದು ಭಾಷಣಕ್ಕೆ ಒಂದು ಸಂಸಾರದ ಗಾಳಿ ಖರ್ಚು. ಬೇರು ಬಣದ ಹಿರಿಯರು ನಮ್ಮ ಪೂರ್ವಜರು ಉಸಿರಾಡದೆಯೇ ಬದುಕಿದ್ದರು ಎಂದು ಮಕ್ಕಳಿಗೆ ಪಾಠ ಹೇಳುತ್ತಾರೆ. ತಕ್ಕಡಿ ಬಣದವನು ಸಮಿತಿ ಮಾಡಿ, ಎಲ್ಲರಿಗೂ ಸಮಾನವಾಗಿ ಉಸಿರು ಕಟ್ಟಬೇಕೆಂದು ಗೊತ್ತುವಳಿ ಮಂಡಿಸುತ್ತಾನೆ. ಗೊತ್ತುವಳಿ ಬಹುಮತದಿಂದ ಪಾಸಾಗುತ್ತದೆ. ಕೊನೆಯಲ್ಲಿ ಎಲ್ಲರೂ ಸಾಯುತ್ತಾರೆ. ನೌಕೆ ಮಾತ್ರ ಸರಿಯಾದ ವೇಳೆಗೆ ನಕ್ಷತ್ರ ತಲುಪುತ್ತದೆ, ಇಳಿಯುವವರಿಲ್ಲ.

ಬರೆಯುವಾಗ ಅವಳ ಕೈ ಉರಿಯುತ್ತಿತ್ತು. ಅಜ್ಜಿ ಬಾಯಿ ಮುಚ್ಚಿಸಿದ್ದಳು, ಈಗ ಮುಚ್ಚಿಸುವವರಿಲ್ಲ. ಗಂಟಲಣ್ಣ ಮಾತಿನ ನಡುವೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವುದನ್ನು, ದೊಡ್ಡಪ್ಪ ಮೀಸೆಯ ಬಲತುದಿ ಹಿಂಡುವುದನ್ನು, ಸಾಹೇಬ ಎಡಕ್ಕೂ ಬಲಕ್ಕೂ ತಲೆಯಾಡಿಸುವುದನ್ನು ಇದ್ದಹಾಗೇ ಇಳಿಸಿದಳು. ಓದಿದ ಕೂಡಲೇ ಮೂವರೂ ನಾಚಿ ನೀರಾಗಿ ಕೀಲಿಕೈ ತಂದು ಜಾಲರಿಯ ಮುಂದೆ ಇಡುತ್ತಾರೆ ಎಂದುಕೊಂಡಿದ್ದಳು, ಪಾಪ. ಬರೆಯುವವರಿಗೆ ಈ ಒಂದು ಕಾಯಿಲೆ ಇರುತ್ತದೆ, ಓದಿದವನಿಗೆ ನಾಚಿಕೆ ಬರುತ್ತದೆ ಅಂತ ನಂಬುವುದು. ಹಂದಿಯ ಮುಂದೆ ಕನ್ನಡಿ ಹಿಡಿದರೆ ಅದು, "ಯಾರಪ್ಪಾ ಇದು ಪಕ್ಕದ ಮನೆ ಹಂದಿ," ಅನ್ನುತ್ತದೆ.

ಕೊನೆಯ ಕಂತು ಅಚ್ಚಾದ ದಿನ ಮೊದಲು ಬಂದವನು ಗಂಟಲಣ್ಣ. ಪತ್ರಿಕೆಯನ್ನು ಜಾಲರಿಗೆ ಒತ್ತಿ ಹಿಡಿದು ನಕ್ಕ.

"ಅಕ್ಕಾ, ಬೇರು ಬಣದ ಆ ಮುದುಕ! ಮೀಸೆ ಹಿಂಡೋದು! ನಮ್ಮ ದೊಡ್ಡಪ್ಪನೇ ಎದ್ದು ಬಂದ ಹಾಗಿದೆ. ಭಲೇ!"

"ಮತ್ತೆ ಕೆಂಡ ಬಣದವನು?" ಅಂತ ಇವಳು ಕೇಳಿದಳು.

"ಅವನು ಮಹಾನುಭಾವ ಅಕ್ಕಾ. ಕೊನೇ ಉಸಿರಿನವರೆಗೂ ಭಾಷಣ. ಓದಿ ಕಣ್ಣಲ್ಲಿ ನೀರು ಬಂತು," ಎಂದು ಕನ್ನಡಕ ತೆಗೆದು ಒರೆಸಿಕೊಂಡ.

ದೊಡ್ಡಪ್ಪ ಬಂದು, ಕೆಂಡದವನ ಬಾಯಿಬಡುಕತನ ಚೆನ್ನಾಗಿ ತೋರಿಸಿದೀಯಮ್ಮಾ, ಆದರೆ ಪೂರ್ವಜರ ಉಸಿರಿನ ಬಗ್ಗೆ ಬರೆದೆಯಲ್ಲ, ಅದು ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದ ಸತ್ಯ, ಎಂದು ತಲೆಯ ಮೇಲೆ ಕೈಯಿಟ್ಟು ಹರಸಿದರು. ಶಾಲು ಸಾಹೇಬನಿಗೆ ಸಮಾನ ಉಸಿರುಗಟ್ಟುವಿಕೆಯ ಗೊತ್ತುವಳಿ ಎಷ್ಟು ಹಿಡಿಸಿತೆಂದರೆ ಅದರ ನಕಲು ಮಾಡಿ ತನ್ನ ಸಂಘದ ಫಲಕಕ್ಕೆ ಅಂಟಿಸಿದ. ವಾರದೊಳಗೆ ಗಂಟಲಣ್ಣನ ಕಡೆಯವರು ಎದೆಗೆ ಕೆಂಡದ ಬಿಲ್ಲೆ ಚುಚ್ಚಿಕೊಂಡು ಓಡಾಡತೊಡಗಿದರು.

ಹೊರಗಿನವರದು ಇನ್ನೊಂದು ಕಥೆ. ಒಬ್ಬ ಓದುಗರು ಇದು ದೇಶದ ಮೂರು ದೊಡ್ಡ ಪಕ್ಷಗಳ ಮೇಲೆ ಎಂದು ಬರೆದರು. ಇನ್ನೊಬ್ಬರು ಅಲ್ಲ, ಜಗತ್ತಿನ ಮೂರು ದೊಡ್ಡ ರಾಷ್ಟ್ರಗಳ ಮೇಲೆ ಎಂದರು. ಸಂಪಾದಕರು ಫೋನು ಮಾಡಿ, "ಇಂಥಾ ಬಣಗಳನ್ನ ಹೇಗಮ್ಮಾ ಕಲ್ಪಿಸ್ಕೊಂಡೆ?" ಅಂದರು. "ಕಲ್ಪಿಸ್ಕೊಂಡಿದ್ದು ನೌಕೆ ಒಂದೇ ಸಾರ್," ಅಂದಳು ಇವಳು. ಅವರು ಅದನ್ನು ವಿನಯ ಅಂದುಕೊಂಡರು.

ಮನೆಗೆ ಬಂದರೆ ಸೀಟಿ ಗೋಡೆಗೆ ಒರಗಿ ಅದೇ ಪತ್ರಿಕೆ ಓದುತ್ತಿದ್ದಳು. ಮುಂದಿನ ವಾರ ಮತ್ತೆ ಡ್ಯೂಟಿ ಅವಳಿಗೆ.

"ಅತ್ತಿಗೆ, ಎಲ್ಲರನ್ನೂ ಚೆನ್ನಾಗಿ ಸಾಯಿಸಿದೀರಿ."

"ಚೆನ್ನಾಗಿದೆಯಾ?"

"ತುಂಬಾ. ಈಗ ಹೇಳಿ, ನಮ್ಮ ರೂಮು ಯಾವಾಗ ತೆಗೀತೀರಿ?"

"ನಾನೇನು ಮಾಡ್ಲಿ ಕಣೆ? ಬರಿಯೋದು ನನ್ನ ಕೈಯಲ್ಲಿದೆ, ಬೀಗ ಅವರ ಕೈಯಲ್ಲಿದೆ."

"ಅದೇ ಅಂದೆ. ಅವರು ಗಂಟಲಲ್ಲಿ ಗಾಳಿ ಖರ್ಚು ಮಾಡ್ತಾರೆ, ನೀವು ಪೆನ್ನಲ್ಲಿ. ನಾಲ್ಕನೇ ಬಣ ಒಂದಿದೆಯಲ್ಲ ಅತ್ತಿಗೆ ನಿಮ್ಮ ನೌಕೇಲಿ, ಕಿಟಕಿ ಪಕ್ಕ ಕೂತು ಎಲ್ಲರನ್ನೂ ಆಡಿಕೊಂಡು ನಗೋರು. ಅವರ ಹೆಸರು ಬರೆಯೋಕೆ ಮರ್ತಿದೀರಿ."

ಗ್ರಹದಕ್ಕ ಅವತ್ತು ಊಟ ಬಿಟ್ಟಳು. ಅವಳ ಗಂಡ, ಸೀಟಿಯ ಅಣ್ಣ, ಡಿಪೋದ ಬಾಡಿ ಮೇಸ್ತ್ರಿ. ಬಸ್ಸಿನ ತಗಡು, ಮರ, ಸೀಟು, ಬಾಗಿಲು ಎಲ್ಲ ರಿಪೇರಿ ಮಾಡುವವನು. ಹೇಳಿದಷ್ಟು ಕೆಲಸ, ಕೇಳಿದಷ್ಟು ಮಾತು, ಅದಕ್ಕಿಂತ ಒಂದು ಮೊಳೆ ಹೆಚ್ಚಿಲ್ಲ, ಒಂದು ಮೊಳೆ ಕಡಿಮೆಯಿಲ್ಲ. ಹೆಂಡತಿ ಊಟ ಬಿಟ್ಟದ್ದು ನೋಡಿ, "ಅವಳದು ಯಾಕೆ ವ್ಯರ್ಥ," ಎಂದು ಅವಳ ಪಾಲನ್ನೂ ತಿಂದು ಮಲಗಿದ.

ಅಷ್ಟರಲ್ಲಿ ಡಿಪೋದ ವಾರ್ಷಿಕ ಸಮಾರಂಭ ಹತ್ತಿರ ಬಂತು. ಮೂರೂ ಸಂಘಗಳಿಗೆ ಏಕಕಾಲಕ್ಕೆ ಒಂದೇ ಯೋಚನೆ ಬಂತು, ಅಂಥದು ಗ್ರಹಣದಷ್ಟೇ ಅಪರೂಪ. ಉಸಿರು ಕೋಣೆಯನ್ನು ನಾಟಕ ಮಾಡೋಣ! ಕೆಂಡ ನಾಯಕನ ಪಾತ್ರ ಗಂಟಲಣ್ಣನಿಗೇ ಬೇಕು, ಬೇರು ಹಿರಿಯನ ಪಾತ್ರ ದೊಡ್ಡಪ್ಪನಿಗೇ, ತಕ್ಕಡಿಯವನದು ಸಾಹೇಬನಿಗೇ. ತಾವು ತಾವೇ ಆಗುವುದಕ್ಕೆ ಮೂವರೂ ತಾಲೀಮು ಶುರುಮಾಡಿದರು. ಗ್ರಹದಕ್ಕ ತಲೆ ಚಚ್ಚಿಕೊಂಡು ಕಥೆಯನ್ನು ನಾಟಕಕ್ಕೆ ಹೊಂದಿಸಿಕೊಟ್ಟಳು.

ತಾಲೀಮು ವರ್ಕ್‌ಶಾಪಿನ ಷೆಡ್ಡಿನಲ್ಲಿ. ಎಂಜಿನ್ ಎಣ್ಣೆಯ ವಾಸನೆ, ಮೇಲೆ ಕುಯ್ಯೋ ಅನ್ನುವ ಫ್ಯಾನು, ಕೂರಲು ಹಳೇ ಬಸ್ಸಿನ ಸೀಟುಗಳು. ಮೇಸ್ತ್ರಿ ಪ್ಲೈವುಡ್ಡಿನಲ್ಲಿ ಒಂದು ಬಾಗಿಲು ಮಾಡಿ, ಅದರ ಮೇಲೆ ಮೂರು ಬೀಗ ಬಣ್ಣದಲ್ಲಿ ಬರೆದು ತಂದು ನಿಲ್ಲಿಸಿದ. ಗಂಟಲಣ್ಣ ಅದನ್ನು ನೋಡಿ ಮುಖ ಹುಳ್ಳಗೆ ಮಾಡಿದ.

"ಇದೇನ್ ಮೇಸ್ತ್ರಿ, ಬಣ್ಣದ ಬೀಗ? ಹೋರಾಟಕ್ಕೆ ಮಾಡೋ ಅವಮಾನ ಇದು. ನಮ್ಮ ಬೀಗ ಇದ್ರೆ ಅಸಲಿ ಇರಬೇಕು, ಇಲ್ದಿದ್ರೆ ನಾನು ವೇದಿಕೆ ಹತ್ತಲ್ಲ."

"ಅವನ ಬೀಗ ಅಸಲಿ ಆದ್ರೆ ನಮ್ಮದು ನಕಲಿ ಯಾಕೆ ಆಗ್ಬೇಕು?" ಅಂದರು ದೊಡ್ಡಪ್ಪ. "ನಮ್ಮದು ಹಿತ್ತಾಳೇದು. ಅದರ ತೂಕ ನೋಡಿದೀಯಾ?"

"ಮೂರೂ ಅಸಲಿ ಇರ್ಲಿ," ಅಂದ ಸಾಹೇಬ. "ಹಿಂದುಗಡೆ ರೂಮಿಂದೇ ತಂದುಬಿಡೋಣ."

"ತರೋಣ ಅಂದ್ರೆ? ಬೀಗ ತೆಗೀಬೇಕಾ?" ಗಂಟಲಣ್ಣ ಎದ್ದು ನಿಂತ. "ಮೊದಲು ಯಾರು ತೆಗಿಯೋದು? ನಾನಂತೂ ತೆಗಿಯಲ್ಲ!"

"ನಾನು ತೆಗೆದ್ರೆ ನಮ್ಮ ಹಿರಿಯರ ಆತ್ಮ ಏನಂದೀತು?"

"ಹಾಗಾದ್ರೆ ಯಾರೂ ತೆಗಿಯೋದು ಬೇಡ, ಆದ್ರೆ ತರೋಣ," ಅಂದ ಸಾಹೇಬ, ಎಡಕ್ಕೂ ಬಲಕ್ಕೂ ತಲೆಯಾಡಿಸಿ.

ಇಂಥ ತೀರ್ಮಾನ ಬೇರೆ ಎಲ್ಲಾದರೂ ಆಗಿದ್ದರೆ ಜನ ನಕ್ಕು ಎದ್ದು ಹೋಗುತ್ತಿದ್ದರು. ಇಲ್ಲಿ ಮೂವರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ.

"ಬೀಗ ತೆಗೀದೇ ಬಾಗಿಲು ತರಬೇಕು ಅಂದ್ರೆ ಚೌಕಟ್ಟು ಸಮೇತ ಗೋಡೆಯಿಂದ ಕೀಳ್ಬೇಕು. ಕೀಳ್ಲಾ?"

"ಬೀಗ ಅಲುಗಾಡಬಾರದು!" ಅಂದ ಗಂಟಲಣ್ಣ.

"ಬೀಗಕ್ಕೆ ನಾನು ಕೈ ಹಚ್ಚಲ್ಲ."

"ಕೀಳು!" ಎಂದರು ಮೂವರೂ ಒಂದೇ ಬಾಯಲ್ಲಿ. ಆ ಡಿಪೋದಲ್ಲಿ ಅವರು ಒಂದೇ ಬಾಯಲ್ಲಿ ಆಡಿದ ಮೊದಲ ಮಾತು ಅದು.

ಹಿಂದಿನ ಸೀಟಿನಲ್ಲಿ ಕೂತಿದ್ದ ಗ್ರಹದಕ್ಕನಿಗೆ ಥಟ್ಟನೆ ಹೊಳೆಯಿತು. ಬರೆಯುವವಳಲ್ಲವೇ, ಹೊಳೆದದ್ದನ್ನು ಹೇಳದಿದ್ದರೆ ಹೊಟ್ಟೆನೋವು. "ಅಲ್ರೀ, ಬಾಗಿಲು ಕಿತ್ತರೆ ರೂಮು..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಸೀಟಿ ಡ್ಯೂಟಿಯ ಬೂಟು ಹಾಕಿದ ಕಾಲಿನಿಂದ ಅತ್ತಿಗೆಯ ಪಾದದ ಮೇಲೆ ನಿಂತೇಬಿಟ್ಟಳು.

"ಏನಕ್ಕಾ, ರೂಮು ಏನು?" ಗಂಟಲಣ್ಣ ತಿರುಗಿದ.

ಗ್ರಹದಕ್ಕನ ಕಣ್ಣಲ್ಲಿ ನೀರು. "ರೂಮು... ರೂಮಿನ ಬಾಗಿಲು ವೇದಿಕೆಗೆ ಬಹಳ ಚೆನ್ನಾಗಿರುತ್ತೆ," ಅಂದಳು.

"ನೋಡಿ, ಅಕ್ಕನಿಗೆ ಭಾವನೆ ಉಕ್ಕಿ ಬಂತು," ಅಂದ ಶಾಲು ಸಾಹೇಬ.

ಮಾರನೆಯ ದಿನ ಹಾರೆಕೋಲು ಹಿಡಿದ ಮೇಸ್ತ್ರಿಯ ಸುತ್ತ ಮೂರೂ ಸಂಘದ ಕಾವಲು. ತಮ್ಮ ಬೀಗಕ್ಕೆ ಪೆಟ್ಟು ಬೀಳಬಾರದು ಎಂದು ಒಬ್ಬೊಬ್ಬ ಕಾರ್ಯಕರ್ತ ತನ್ನ ತನ್ನ ಬೀಗವನ್ನು ಅಂಗೈಯಲ್ಲಿ ಹಸುಗೂಸಿನ ಹಾಗೆ ಹಿಡಿದು ನಿಂತಿದ್ದ. ಚೌಕಟ್ಟು ಗೋಡೆ ಬಿಟ್ಟಿತು. ಮಣ್ಣು, ಸುಣ್ಣ ಉದುರಿತು. ಬಾಗಿಲು, ಚೌಕಟ್ಟು, ಚಿಲಕ, ಬೀಗ ಎಲ್ಲವೂ ಇದ್ದಹಾಗೇ, ಮುಚ್ಚಿದ ಹಾಗೇ ಎತ್ತಿಕೊಂಡು, ಜೈಕಾರ ಹಾಕುತ್ತಾ ಷೆಡ್ಡಿಗೆ ಹೋದರು. ಒಬ್ಬನಾದರೂ ಹಿಂತಿರುಗಿ ನೋಡಲಿಲ್ಲ. ಬೀಗವಲ್ಲವೇ ಕಾಯಬೇಕಾದದ್ದು? ಕಾದರು.

ಹಿಂದೆ ಗೋಡೆಯಲ್ಲಿ ಆಳೆತ್ತರದ ಕಂಡಿ. ಅದರಾಚೆ ಎರಡು ಮಂಚ, ತೊಟ್ಟಿ, ಕನ್ನಡಿ.

ಸಮಾರಂಭದ ಸಂಜೆ ಷೆಡ್ಡು ತುಂಬಿತ್ತು. ಮ್ಯಾನೇಜರು ಮುಂದಿನ ಸಾಲಿನಲ್ಲಿ ಜೇಬಿನಲ್ಲಿ ಕೈಯಿಟ್ಟು ಕೂತಿದ್ದ. ವೇದಿಕೆಯ ನಡುವೆ ಬಾಗಿಲು, ಮೂರು ಬೀಗ ಬೆಳಕಿಗೆ ಫಳಫಳ. ಗಂಟಲಣ್ಣ, ಗ್ರಹದಕ್ಕ ಬರೆದುಕೊಟ್ಟ ಭಾಷಣ ಮುಗಿಸಿ ತನ್ನದೂ ಸೇರಿಸಿದ. ಎಷ್ಟು ಹೊತ್ತು ಎಳೆದನೆಂದರೆ ಗಾಳಿಯಿಲ್ಲದೆ ಸಾಯಬೇಕಿದ್ದ ಪಾತ್ರಗಳು ನಿಂತು ನಿಂತು ಕಾಲುನೋವಿಗೆ ಮೊದಲೇ ಮಲಗಿಬಿಟ್ಟವು. ಕೊನೆಗೆ ಮೂವರೂ ಮುಚ್ಚಿದ ಬಾಗಿಲಿನ ಮುಂದೆ ಕತ್ತು ಹಿಡಿದುಕೊಂಡು ಬಿದ್ದರು. ಆದರೆ ಬೀಗ ತೆಗೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯಲ್ಲಿ ಹೆಂಗಸರ ಕೈ ಇರಲಿಲ್ಲ. ಭಾಷಣ ಶುರುವಾಗುತ್ತಿದ್ದಂತೆಯೇ ಅವರು ಒಬ್ಬೊಬ್ಬರಾಗಿ ಎದ್ದು ಹಿಂಬಾಗಿಲಿನಿಂದ ಹೋಗಿದ್ದರು. ಇತ್ತ ವೇದಿಕೆಯ ಮೇಲೆ ಗಂಡಸರು ಉಸಿರಿಲ್ಲದೆ ಒದ್ದಾಡುವ ಹೊತ್ತಿಗೆ ಅತ್ತ ಸೀಟಿ ಮಂಚಕ್ಕೆ ಚಾದರ ಹಾಸಿ, ತೊಟ್ಟಿಯ ನಲ್ಲಿ ತಿರುಗಿಸಿ, ಮುಖಕ್ಕೆ ನೀರು ಹಾಕಿಕೊಂಡು ಕನ್ನಡಿ ನೋಡಿದಳು. ಹಿಂದೆ ನಿಂತವಳು, "ಸಾಕು ಬಾರೇ, ಮದುವೆ ಹೆಣ್ಣಾ ನೀನು? ನನಗೆ ಅರ್ಜೆಂಟು," ಎಂದು ಶೌಚಾಲಯದ ಕಡೆ ಓಡಿದಳು. ಕಂಡಿಗೆ ಸದ್ಯಕ್ಕೊಂದು ಸೀರೆ ಇಳಿಬಿಟ್ಟಿದ್ದರು. ಆ ಸೀರೆ ಗ್ರಹದಕ್ಕನದು. ಅವಳು ಕುಂಟುತ್ತಾ ತಂದು ಕಟ್ಟಿದ್ದಳು.

ಮುಖಂಡರಿಗೆ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ತಿಳಿಯಿತು, ಎರಡೇ ದಿನಕ್ಕೆ ತಿಳಿಯಿತು. ಬಾಗಿಲನ್ನು ಮೊದಲಿದ್ದ ಜಾಗದಲ್ಲಿ ಕೂರಿಸಬೇಕು ಎಂದು ಮೂವರೂ ಒಪ್ಪಿದರು. ಯಾರ ನೇತೃತ್ವದಲ್ಲಿ ಕೂರಿಸಬೇಕು ಎಂಬಲ್ಲಿ ನಿಂತಿತು. ಗಂಟಲಣ್ಣ ಕೂರಿಸಿದರೆ ಅದು ಅವನ ಬಾಗಿಲಾಗುತ್ತದೆ, ದೊಡ್ಡಪ್ಪ ಕೂರಿಸಿದರೆ ಅವರದಾಗುತ್ತದೆ. ಸಾಹೇಬ ಅರ್ಧ ಕೂರಿಸೋಣ ಅಂದ. ಇತ್ಯರ್ಥವಾಗುವವರೆಗೆ ಬಾಗಿಲನ್ನು ಷೆಡ್ಡಿನ ಹಿಂಗೋಡೆಗೆ ಆನಿಸಿ, ಎರಡೂ ಬದಿಗೆ ಮರದ ತುಂಡು ಕೊಟ್ಟು ನಿಲ್ಲಿಸಿದರು. ಸರದಿಯ ಮೇಲೆ ಕಾವಲು. ಹೆಂಗಸರು ರೂಮಿನಲ್ಲಿ ಇದ್ದಾರಲ್ಲ ಅಂತ ಯಾರೋ ಕೇಳಿದ್ದಕ್ಕೆ ಗಂಟಲಣ್ಣ, "ಇರ್ಲಿ ಬಿಡು, ನಮ್ಮ ಬೀಗ ಯಾರೂ ಮುಟ್ಟಿಲ್ಲವಲ್ಲ," ಅಂದ. ದೊಡ್ಡಪ್ಪ ಹೌದೆಂದರು. ಮಾನವೆಲ್ಲ ಬೀಗದಲ್ಲೇ ಇದ್ದಮೇಲೆ ಕೋಣೆ ಯಾರಿಗೆ ಬೇಕು?

ಮೇಸ್ತ್ರಿಗೆ ಸೀಟಿ ಹೇಳಿದಳು: "ಅಣ್ಣಾ, ಸೀರೆ ಗಾಳಿಗೆ ಹಾರುತ್ತೆ. ಬಾಗಿಲು ಬೇಕು. ಚಿಲಕ ಒಳಗಡೆ ಇರಬೇಕು, ಹೊರಗಡೆ ಬೀಗ ಹಾಕೋಕೆ ಕೊಂಡಿ ಸಹ ಇರಬಾರದು."

ಅವನು ಗುಜರಿಗೆ ಹೊರಟಿದ್ದ ಒಂದು ಬಸ್ಸಿನ ಮಡಿಸುವ ಬಾಗಿಲು ತಂದು ಕೂರಿಸಿದ. ಚಿಲಕ ಒಳಗೆ. ಹೊರಮೈಯಲ್ಲಿ ಬಸ್ಸಿನ ಹಳೇ ಬರಹ ಹಾಗೇ ಇತ್ತು: ಇಳಿಯುವವರಿಗೆ ಮೊದಲು ದಾರಿ ಬಿಡಿ. ಯಾರ ಹೆಸರಿನ ಫಲಕವೂ ಬರಲಿಲ್ಲ, ಇವತ್ತಿಗೂ ಆ ಕೋಣೆಗೆ ಇರುವ ಫಲಕ ಅದೊಂದೇ.

ಹ್ಞೂಂ ಅನ್ನುತ್ತಿದ್ದೀರಲ್ಲ? ಗೋಡೆ ಬಂತು ನೋಡಿ.

ಮಾತುಕತೆಯ ಮೇಲೆ ಮಾತುಕತೆಯಾಗಿ ಕೊನೆಗೆ ಮೂರೂ ಸಂಘಗಳ ನಡುವೆ ಒಪ್ಪಂದವಾಯಿತು. ಮೂವರೂ ಒಂದೇ ಗಳಿಗೆಗೆ ತಂತಮ್ಮ ಬೀಗ ತೆಗೆಯುವುದು. ಷೆಡ್ಡಿನ ಹಿಂದೆ ಕುರ್ಚಿ ಹಾಕಿದರು, ಫೋಟೋದವನು ಬಂದ, ಮ್ಯಾನೇಜರು ಜೇಬಿನಿಂದ ಕೈ ತೆಗೆದ. ಕೆಂಪು ಬೀಗ ತುಕ್ಕು ಹಿಡಿದಿತ್ತು, ಮೇಸ್ತ್ರಿಯನ್ನು ಕರೆದು ಎಣ್ಣೆ ಬಿಡಿಸಬೇಕಾಯಿತು. ಮೂರು ಕೀಲಿಕೈ ಒಟ್ಟಿಗೆ ತಿರುಗಿದವು. ಜೈಕಾರ. ಮೂವರೂ ಬಾಗಿಲಿಗೆ ಕೈ ಹಾಕಿ ಎಳೆದರು. ಕಿರ್ ಎಂದು ತೆರೆಯಿತು.

ಹಿಂದೆ ಗೋಡೆ.

ಒಂದು ಗಳಿಗೆ ಯಾರೂ ಉಸಿರಾಡಲಿಲ್ಲ. ಆಮೇಲೆ ಶಾಲು ಸಾಹೇಬ ಚಪ್ಪಾಳೆ ಶುರುಮಾಡಿದ, ಎಲ್ಲರೂ ತಟ್ಟಿದರು. ಗಂಟಲಣ್ಣ ಇದು ಚರಿತ್ರೆಯಲ್ಲೇ ಮೊದಲು ಎಂದ, ಅದು ಸುಳ್ಳಿರಲಾರದು. ದೊಡ್ಡಪ್ಪ ಗೋಡೆಯನ್ನು ತಟ್ಟಿ ನೋಡಿ, "ನಮ್ಮ ಹಿರಿಯರ ಕೆಲಸ ಅಂದ್ರೆ ಹೀಗಿರ್ಬೇಕು, ಎಷ್ಟು ಗಟ್ಟಿ!" ಎಂದರು. ಫೋಟೋದಲ್ಲಿ ಮೂವರೂ ಗೋಡೆಯ ಕಡೆ ಕೈ ತೋರಿಸಿ ನಗುತ್ತಿದ್ದಾರೆ.

ಗ್ರಹದಕ್ಕ ಇದನ್ನೆಲ್ಲ ಬಿಡದೆ ಬರೆದು, ನೌಕೆಯ ಕಥೆಗೆ ಹೊಸ ಕೊನೆ ಜೋಡಿಸಿ ಪತ್ರಿಕೆಗೆ ಕೊಟ್ಟಳು. ನೌಕೆಯ ಜನ ಉಸಿರು ಕೋಣೆಯ ಬಾಗಿಲನ್ನು ಬೀಗದ ಸಮೇತ ಕಿತ್ತು ನಾಯಕರ ಕೈಗೆ ಕೊಡುತ್ತಾರೆ. ನಾಯಕರು ಅದನ್ನು ಕಾಯುತ್ತಾ ಕೂರುತ್ತಾರೆ, ಜನ ಒಳಗೆ ಹೋಗಿ ಬದುಕುತ್ತಾರೆ. ಸಂಪಾದಕರು ವಾಪಸು ಕಳಿಸಿದರು. "ಬಾಹ್ಯಾಕಾಶದ ಕಥೆಯಾದ್ರೂ ಒಂದು ಮಿತಿ ಬೇಡ್ವೇನಮ್ಮಾ? ಇಷ್ಟು ದಡ್ಡ ನಾಯಕರನ್ನ ಯಾವ ಓದುಗ ನಂಬ್ತಾನೆ?"

ಇವಳು ಗೊಣಗುತ್ತಾ ಕೌಂಟರಿನಲ್ಲಿ ಕೂತಿದ್ದಳು. ಸೀಟಿ ಬಂದು ಜಾಲರಿಯ ಕೆಳಗಿನಿಂದ ಕೈ ಚಾಚಿ ಮೆಷೀನು ತೆಗೆದುಕೊಂಡಳು.

"ಏನತ್ತಿಗೆ, ಮುಖ ಊದಿದೆ?"

"ಹೊಸ ಕೊನೆ ಬೇಡವಂತೆ. ಹಳೇದೇ ಇರಲಂತೆ."

"ಹಾಗಾದ್ರೆ ಪತ್ರಿಕೇಲಿ ಎಲ್ಲರೂ ಸತ್ತರು ಅನ್ನಿ."

"ಸತ್ತರು."

"ಸಾಯ್ಲಿ ಬಿಡಿ," ಎಂದು ಸೀಟಿ ಹ್ಯಾಂಡ್‌ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಗೇಟಿನಲ್ಲಿ ಅವಳ ಬಸ್ಸು ಹಾರನ್ನು ಹೊಡೆಯುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಅತ್ತಿಗೆಯ ಕಣ್ಣೆದುರೇ ಬಾಟಲಿಯ ನೀರನ್ನು ತಳದವರೆಗೂ ಕುಡಿದು, ತುಟಿ ಒರೆಸಿಕೊಂಡು, ಖಾಲಿ ಬಾಟಲಿಯನ್ನು ಜಾಲರಿಯ ಕೆಳಗೆ ತಳ್ಳಿದಳು.

"ತುಂಬಿಸಿಡಿ. ಮಧ್ಯಾಹ್ನ ವಾಪಸು ಬಂದಾಗ ಬೇಕು."

ಎರಡು ಬೆರಳು ಬಾಯಿಗಿಟ್ಟಳು. ಪಕ್ಕದ ಬೀದಿಯ ಬಸ್ಸೂ ನಿಂತಿತು.